ಅರಿವಿನ ಗುರು ಅಲ್ಲಮಪ್ರಭು

ಒಂದು ತರಗತಿಯಲ್ಲಿ ನಲವತ್ತು ವಿದ್ಯಾರ್ಥಿಗಳಿದ್ದರೆ ಅವರಿಗೆ ಪಾಠ ಹೇಳುವ ಉಪಾಧ್ಯಾಯರು ಒಬ್ಬರೇ ಇರುತ್ತಾರೆ. ಪಾಠವೂ ಒಂದೇ. ಆದರೆ ಅದನ್ನು ಗ್ರಹಿಸುವ ಮನಸ್ಸುಗಳು ನಲವತ್ತು. ಒಬ್ಬನಿಗೆ ಒಂದೇ ಮಾತಿನಲ್ಲಿ ತಿಳಿದುದು ಮತ್ತೊಬ್ಬನಿಗೆ ಹತ್ತು ಮಾತಿನಲ್ಲೂ ತಿಳಿಯದು. ಒಬ್ಬಳು ಕೇಳಿ ಕಲಿತರೆ ಇನ್ನೊಬ್ಬಳು ಮಾಡಿ ಕಲಿಯುತ್ತಾಳೆ. ಒಬ್ಬೊಬ್ಬರಿಗೂ ಅವರವರ ಅಳತೆಗೆ ತಕ್ಕಂತೆ ಕಲಿಸುವುದು ಹೇಗೆ ಎಂಬುದು ಶಿಕ್ಷಣದ ಅತಿ ಹಳೆಯ ಪ್ರಶ್ನೆ. ಇದಕ್ಕೆ ಉತ್ತರವಾಗಿ ಇಂದು ಕೃತಕ ಬುದ್ಧಿಮತ್ತೆಯುಳ್ಳ ಯಂತ್ರಗಳನ್ನು ಬೋಧನೆಗೆ ಬಳಸುವ ಪ್ರಯತ್ನ ಜಗತ್ತಿನಾದ್ಯಂತ ನಡೆದಿದೆ. ಎಂಟುನೂರು ವರ್ಷಗಳಿಗೂ ಹಿಂದೆ ಇದೇ ಪ್ರಶ್ನೆಗೆ ತನ್ನ ಬದುಕಿನಿಂದಲೇ ಉತ್ತರ ಕೊಟ್ಟ ಮಹಾನುಭಾವನೊಬ್ಬನು ಕನ್ನಡ ನಾಡಿನಲ್ಲಿ ಬಾಳಿದನು. ಆತನೇ 12ನೆಯ ಶತಮಾನದ ಅಲ್ಲಮಪ್ರಭು.

ಅಲ್ಲಮನು ಹುಟ್ಟಿ ಬೆಳೆದ ಸೀಮೆ ವಿದ್ಯೆಗೆ ಹೆಸರಾದುದು. ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಅಂದು ಬನವಾಸಿ ಹನ್ನೆರಡು ಸಾವಿರವೆಂಬ ನಾಡಿಗೆ ಸೇರಿದ್ದುವು. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಕಲ್ಲಿನ ಕಂಬವೊಂದಿದೆ. ಕುಬ್ಜನೆಂಬ ಕವಿ ರಚಿಸಿದ ಅದರ ಶಾಸನವು, ಮಯೂರಶರ್ಮನು ತನ್ನ ಗುರು ವೀರಶರ್ಮನೊಡನೆ ವಿದ್ಯಾರ್ಜನೆಗಾಗಿ ಕಂಚಿಯ ಘಟಿಕಾಸ್ಥಾನಕ್ಕೆ ಹೋದ ಸಂಗತಿಯನ್ನು ತಿಳಿಸುತ್ತದೆ. ಸೊರಬ ತಾಲ್ಲೂಕಿನ ಕುಪ್ಪಟೂರು ಹೆಸರುವಾಸಿಯಾದ ಅಗ್ರಹಾರವಾಗಿತ್ತು. ಈ ಎರಡು ತಾಲ್ಲೂಕುಗಳ ಶಾಸನಗಳು ಎಷ್ಟು ಹೇರಳವೆಂದರೆ, ಬಿ. ಎಲ್. ರೈಸ್ ಅವರು ಶಿವಮೊಗ್ಗ ಜಿಲ್ಲೆಯ ಶಾಸನಗಳನ್ನು 1902 ಮತ್ತು 1904ರಲ್ಲಿ ಎರಡು ದೊಡ್ಡ ಸಂಪುಟಗಳಾಗಿ ಪ್ರಕಟಿಸಿದಾಗ, ಮೊದಲನೆಯದರಲ್ಲಿ ಶಿಕಾರಿಪುರದವೂ ಎರಡನೆಯದರಲ್ಲಿ ಸೊರಬದವೂ ಬಹುಭಾಗವನ್ನು ಆಕ್ರಮಿಸಿದುವು.

ಈ ಸೀಮೆಯ ತಿಲಕಪ್ರಾಯವಾದ ಪಟ್ಟಣ ಬಳ್ಳಿಗಾವಿ. ಶಿರಾಳಕೊಪ್ಪಕ್ಕೆ ಸಮೀಪದಲ್ಲಿರುವ ಈ ಊರು ಇಂದು ಚಿಕ್ಕದಾದರೂ ಅಂದು ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಶೈವ, ವೈಷ್ಣವ, ಜೈನ, ಬೌದ್ಧ ಧರ್ಮಗಳ ದೇವಾಲಯಗಳೂ ಮಠಗಳೂ ಅಲ್ಲಿ ಒಂದರ ಪಕ್ಕದಲ್ಲಿ ಒಂದು ನೆಲೆಗೊಂಡಿದ್ದುವು. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯಮಠವಂತೂ ಒಂದು ವಿಶ್ವವಿದ್ಯಾನಿಲಯದಂತಿತ್ತು. ಬಿಜ್ಜಳನ ಕಾಲದ, 1162ರ ಶಾಸನವು ಆ ಮಠದಲ್ಲಿ ವೇದಗಳು, ಹಲವು ಬಗೆಯ ವ್ಯಾಕರಣಗಳು, ದರ್ಶನಗಳು, ಯೋಗಶಾಸ್ತ್ರ, ಪುರಾಣ, ಕಾವ್ಯ, ನಾಟಕಗಳ ಅಧ್ಯಯನ ನಡೆಯುತ್ತಿದ್ದುದನ್ನು ವರ್ಣಿಸುತ್ತದೆ. ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು. ವಿದ್ಯೆಯೂ ಕರುಣೆಯೂ ಒಂದೇ ಸೂರಿನಡಿ ಇದ್ದುವು. ಇಂಥ ಊರಿನಲ್ಲಿ ಅಲ್ಲಮನು ಜನಿಸಿದನು.

ಅಲ್ಲಮನ ಜೀವನವನ್ನು ತಿಳಿಸುವವರು ಮುಖ್ಯವಾಗಿ ಕವಿಗಳು. ಹರಿಹರನ ರಗಳೆ, 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆ, ಶೂನ್ಯಸಂಪಾದನೆ ಇವು ಅದಕ್ಕೆ ಆಧಾರಗಳು. ಕತೆಯ ವಿವರಗಳಲ್ಲಿ ಇವು ಒಂದಕ್ಕೊಂದು ಭಿನ್ನವಾಗಿವೆ. ಚಾಮರಸನು ಅಲ್ಲಮನನ್ನು ಹುಟ್ಟಿನಿಂದಲೇ ವಿರಾಗಿಯಾದ ದೈವಾಂಶನೆಂದು ಚಿತ್ರಿಸಿದರೆ, ಆತನಿಗಿಂತ ಹಿಂದಿನವನಾದ ಹರಿಹರನು ಅಲ್ಲಮನನ್ನು ಸುಖದುಃಖಗಳಲ್ಲಿ ಬೆಂದು ಮಾಗಿದ ಮನುಷ್ಯನನ್ನಾಗಿ ಕಂಡಿದ್ದಾನೆ. ಆದರೆ ಅಲ್ಲಮನು ಮಹಾಜ್ಞಾನಿಯೆಂಬುದರಲ್ಲಿಯೂ ಮದ್ದಳೆಯ ವಾದನದಲ್ಲಿ ನಿಪುಣನೆಂಬುದರಲ್ಲಿಯೂ ಇಬ್ಬರಿಗೂ ಒಮ್ಮತವಿದೆ.

ಮದ್ದಳೆಗಾರನ ವಿದ್ಯೆ ವಿಶಿಷ್ಟವಾದುದು. ಆತನು ತನ್ನ ಪಾಡಿಗೆ ತಾನು ನುಡಿಸುವಂತಿಲ್ಲ. ನರ್ತಿಸುವವರ ಹೆಜ್ಜೆಯನ್ನು ನೋಡಬೇಕು, ಹಾಡುವವರ ಉಸಿರನ್ನು ಆಲಿಸಬೇಕು. ಅವರು ನಿಂತಲ್ಲಿ ನಿಂತು, ನಡೆದಲ್ಲಿ ನಡೆಯಬೇಕು. ಎದುರಿನವರ ಲಯವನ್ನು ಅರಿತು ತನ್ನ ಕೈಯನ್ನು ಆಡಿಸುವ ಈ ಅಭ್ಯಾಸವೇ ಮುಂದೆ ಎದುರಿನವರ ಮನಸ್ಸನ್ನು ಅರಿತು ಮಾತನಾಡುವ ಶಕ್ತಿಯಾಗಿ ಅಲ್ಲಮನಲ್ಲಿ ಬೆಳೆಯಿತೆಂದು ಭಾವಿಸಿದರೆ ತಪ್ಪಾಗಲಾರದು.

ಹರಿಹರನು ಹೇಳುವಂತೆ ಅಲ್ಲಮನು ಕಮಲತೆಯೆಂಬ ಕನ್ಯೆಯನ್ನು ಪ್ರೀತಿಸಿ ಮದುವೆಯಾದನು. ಆ ಸುಖ ಬಹುಕಾಲ ಉಳಿಯಲಿಲ್ಲ. ಕಮಲತೆಯು ಜ್ವರಪೀಡಿತಳಾಗಿ ಅಕಾಲದಲ್ಲಿ ತೀರಿಕೊಂಡಳು. ಶೋಕದಿಂದ ದಿಕ್ಕೆಟ್ಟ ಅಲ್ಲಮನು ಊರು ಬಿಟ್ಟು ಅಲೆಯತೊಡಗಿದನು. ಒಂದು ದಿನ ತೋಪಿನಲ್ಲಿ ಕುಳಿತು ಮನಸ್ಸಿಲ್ಲದ ಮನಸ್ಸಿನಿಂದ ಕಾಲುಗುರಿನಿಂದ ನೆಲವನ್ನು ಕೆದಕುತ್ತಿದ್ದಾಗ, ಮಣ್ಣಿನೊಳಗೆ ಹೊನ್ನಿನ ಕಳಸವೊಂದರ ತುದಿ ಕಾಣಿಸಿತು. ಅಗೆಯಿಸಿ ನೋಡಲಾಗಿ ಕೆಳಗೆ ಒಂದು ದೇಗುಲವೇ ಇತ್ತು. ಬಾಗಿಲನ್ನು ತೆರೆದು ಒಳಹೊಕ್ಕಾಗ, ಅಂಗೈಯ ಲಿಂಗದಲ್ಲಿ ದೃಷ್ಟಿಯನ್ನು ನೆಟ್ಟು ಎವೆಯಿಕ್ಕದೆ ಕುಳಿತ ಯೋಗಿಯೊಬ್ಬನು ಕಂಡನು. ಆತನೇ ಅನಿಮಿಷಯ್ಯ. ಆ ಯೋಗಿಯ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ಅದೇ ಕ್ಷಣದಲ್ಲಿ ಯೋಗಿಯ ಪ್ರಾಣವು ಹೋಯಿತು.

ಕನ್ನಡ ನಾಡು ಕಂಡ ಮಹಾಗುರುಗಳಲ್ಲಿ ಒಬ್ಬನಾದ ಅಲ್ಲಮನಿಗೆ ಆತನ ಗುರುವು ಒಂದು ಮಾತನ್ನೂ ಹೇಳಲಿಲ್ಲವೆಂಬುದು ಗಮನಾರ್ಹ. ಉಪದೇಶವಿಲ್ಲ, ಗ್ರಂಥವಿಲ್ಲ, ಪ್ರಶ್ನೋತ್ತರವಿಲ್ಲ. ದುಃಖದಿಂದ ಹದಗೊಂಡಿದ್ದ ಮನಸ್ಸು ಒಂದು ನೋಟವನ್ನು ಕಂಡಿತು, ಅಷ್ಟರಿಂದಲೇ ಎಚ್ಚೆತ್ತಿತು. ಅರಿವು ಹೊರಗಿನಿಂದ ಸುರಿಯುವ ವಸ್ತುವಲ್ಲ, ಒಳಗೆ ಹೂತುಹೋದ ಕಳಸ; ಅದನ್ನು ಅಗೆದು ತೆಗೆಯುವವನು ಕಲಿಯುವವನೇ ಎಂಬ ತತ್ತ್ವವು ಈ ಕತೆಯಲ್ಲಿ ಅಡಗಿದೆ.

ಅಂದಿನಿಂದ ಅಲ್ಲಮನು ಗುಹೇಶ್ವರನ ಅಂಕಿತದಲ್ಲಿ ವಚನಗಳನ್ನು ನುಡಿಯುತ್ತ ನಾಡಿನಲ್ಲಿ ಸಂಚರಿಸಿದನು. ಶೂನ್ಯಸಂಪಾದನೆಯು ಈ ಸಂಚಾರದ ಕತೆಯನ್ನು ಸಂವಾದಗಳ ರೂಪದಲ್ಲಿ ನಿರೂಪಿಸುತ್ತದೆ. ಅಲ್ಲಮನು ಮೊದಲು ಕಂಡುದು ಗೊಗ್ಗಯ್ಯನೆಂಬ ತೋಟಗಾರನನ್ನು. ಆತನು ಗುದ್ದಲಿ ಹಿಡಿದು ನೆಲವನ್ನು ಅಗೆಯುತ್ತಿದ್ದನು. ಆ ಶ್ರಮಜೀವಿಯ ಮುಂದೆ ಅಲ್ಲಮನು ಶಾಸ್ತ್ರದ ಪರಿಭಾಷೆಯನ್ನು ತೆಗೆಯಲಿಲ್ಲ. ಮಣ್ಣು, ನೀರು, ಬೀಜ, ಬೇಲಿ ಈ ಮಾತುಗಳಲ್ಲಿಯೇ, ಮನುಷ್ಯನು ತನ್ನೊಳಗೆ ಮಾಡಬೇಕಾದ ಕೃಷಿಯನ್ನು ವಿವರಿಸಿದನು. ತೋಟಗಾರನಿಗೆ ತಿಳಿದಿದ್ದ ತೋಟದಿಂದಲೇ ತಿಳಿಯದಿದ್ದ ತತ್ತ್ವಕ್ಕೆ ದಾರಿಯಾಯಿತು.

ಮುಂದೆ ಅಲ್ಲಮನು ಮುಕ್ತಾಯಕ್ಕನನ್ನು ಕಂಡನು. ಆಕೆಯ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಯಾರಿಗೂ ತೋರಗೊಡದೆ ಗುಪ್ತವಾಗಿಟ್ಟುಕೊಂಡಿದ್ದ ಜ್ಞಾನಿ. ತಂಗಿಗೆ ಅಣ್ಣನೂ ಆತನೇ, ಗುರುವೂ ಆತನೇ. ಅಣ್ಣನ ಮರಣದಿಂದ ಆಕೆ ಶೋಕಸಾಗರದಲ್ಲಿ ಮುಳುಗಿದ್ದಳು. ಕಮಲತೆಯನ್ನು ಕಳೆದುಕೊಂಡು ಅಲೆದಿದ್ದ ಅಲ್ಲಮನಿಗೆ ಆ ದುಃಖದ ಆಳ ತಿಳಿಯದ್ದಲ್ಲ. ಆದರೆ ಮುಕ್ತಾಯಕ್ಕನು ಸುಲಭವಾಗಿ ಒಪ್ಪುವ ಶಿಷ್ಯೆಯಾಗಿರಲಿಲ್ಲ. ಅರಿತವನು ಮಾತಿಲ್ಲದೆ ಇರಬೇಕಲ್ಲವೆ, ಇಷ್ಟು ಮಾತನಾಡುವವನು ನಿಜವಾಗಿ ಅರಿತವನೆಂದು ನಂಬುವುದು ಹೇಗೆಂದು ಆಕೆ ಆತನನ್ನೇ ಪರೀಕ್ಷೆಗೆ ಒಡ್ಡಿದಳು. ಅಲ್ಲಮನು ಇದರಿಂದ ಮುನಿಯಲಿಲ್ಲ. ಒಂದೊಂದು ಸಂದೇಹಕ್ಕೂ ಉತ್ತರವಿತ್ತು, ಆಕೆಯ ಮನಸ್ಸು ತಾನಾಗಿಯೇ ಶಾಂತವಾಗುವವರೆಗೆ ಜೊತೆಯಲ್ಲಿ ನಡೆದನು. ಶಿಷ್ಯರು ಗುರುವನ್ನು ಪರೀಕ್ಷಿಸಬಹುದು, ಪರೀಕ್ಷಿಸಬೇಕು ಎಂಬುದನ್ನು ಈ ಪ್ರಸಂಗವು ಕಲಿಸುತ್ತದೆ.

ಸೊನ್ನಲಿಗೆಯ ಸಿದ್ಧರಾಮನಿಗೆ ಬೇಕಾದುದು ಬೇರೆಯ ಮದ್ದು. ಇಂದಿನ ಸೊಲ್ಲಾಪುರವೇ ಅಂದಿನ ಸೊನ್ನಲಿಗೆ. ಸಿದ್ಧರಾಮನು ಅಲ್ಲಿ ಕೆರೆಯನ್ನು ಕಟ್ಟಿಸುತ್ತ, ದೇವಾಲಯಗಳನ್ನು ನಿರ್ಮಿಸುತ್ತ ಲೋಕೋಪಕಾರದಲ್ಲಿ ತೊಡಗಿದ್ದನು. ಆ ಕಾರ್ಯವು ಹಿರಿದಾದುದೇ. ಆದರೆ ಇದನ್ನೆಲ್ಲ ಮಾಡುತ್ತಿರುವವನು ನಾನು ಎಂಬ ಭಾವ ಆತನಲ್ಲಿ ಸೂಕ್ಷ್ಮವಾಗಿ ಉಳಿದಿತ್ತು. ಅಲ್ಲಮನು ನೇರವಾಗಿ ಕೆರೆಯ ಬಳಿಗೆ ಬಂದು, ಕೆಲಸಗಾರರೆದುರಿಗೇ ಅವರ ಒಡೆಯನನ್ನು ಕಟುವಾದ ಮಾತಿನಿಂದ ಜರೆದನು. ಕೆರಳಿದ ಕೆಲಸಗಾರರು ಕಲ್ಲುಗಳನ್ನು ಎಸೆದರು. ಸಿದ್ಧರಾಮನೂ ಕೋಪದಿಂದ ಉರಿಯುತ್ತ ಬಂದನು. ಆ ಕೋಪವೇ ಆತನಿಗೆ ಕನ್ನಡಿಯಾಯಿತು. ತನ್ನಲ್ಲಿ ಅಹಂಕಾರವಿಲ್ಲವೆಂದು ತಿಳಿದಿದ್ದವನು ಅದನ್ನು ಕಣ್ಣಾರೆ ಕಂಡನು. ಸಂವಾದ ನಡೆದು ಮನಸ್ಸು ತಿಳಿಯಾದ ಬಳಿಕ ಅಲ್ಲಮನು ಆತನನ್ನು ಕರೆದುಕೊಂಡು ಕಲ್ಯಾಣಕ್ಕೆ ಹೊರಟನು.

ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಬಿಜ್ಜಳನ ಭಂಡಾರಿಯಾಗಿದ್ದ ಬಸವಣ್ಣನ ಸುತ್ತ ಅಲ್ಲಿ ಶರಣರ ದೊಡ್ಡ ಸಮುದಾಯವೇ ನೆರೆದಿತ್ತು. ಚಮ್ಮಾರ, ಅಂಬಿಗ, ಮಡಿವಾಳ, ಹಗ್ಗ ಹೊಸೆಯುವವ, ಅಕ್ಕಿ ಆಯುವವ ಹೀಗೆ ನಾನಾ ಕಾಯಕಗಳ ಸ್ತ್ರೀಪುರುಷರು ಸಮಾನರಾಗಿ ಕುಳಿತು ವಿಚಾರಮಾಡುವ ಅನುಭವಮಂಟಪಕ್ಕೆ ಅಲ್ಲಮನು ಅಧ್ಯಕ್ಷನಾದನು. ಆತನು ಏರಿದ ಪೀಠಕ್ಕೆ ಶೂನ್ಯಸಿಂಹಾಸನವೆಂದು ಹೆಸರು. ಆದರೆ ಆ ಪೀಠಕ್ಕಿಂತ ಆತನ ದೊಡ್ಡತನವನ್ನು ತೋರುವುದು ಬಸವಣ್ಣನ ಮನೆಯ ಬಾಗಿಲಲ್ಲಿ ನಡೆದ ಒಂದು ಪ್ರಸಂಗ.

ಬಸವಣ್ಣನ ಮಹಾಮನೆಯಲ್ಲಿ ದಿನವೂ ಸಹಸ್ರಾರು ಜನರಿಗೆ ದಾಸೋಹ ನಡೆಯುತ್ತಿತ್ತು. ದೂರದೇಶದಿಂದ ಬಂದ ಮರುಳಶಂಕರದೇವನೆಂಬುವನು ಅಲ್ಲಿಯ ಪ್ರಸಾದಕುಂಡದ ಬಳಿ ಸೇವೆ ಮಾಡಿಕೊಂಡಿದ್ದನು. ಆತನು ಯಾರನ್ನೂ ಏನನ್ನೂ ಕೇಳಲಿಲ್ಲ. ತನ್ನನ್ನು ಯಾರಿಗೂ ತೋರಿಸಿಕೊಳ್ಳಲಿಲ್ಲ. ಹೀಗೆ ಹನ್ನೆರಡು ವರ್ಷಗಳು ಕಳೆದುವು. ನಿತ್ಯವೂ ಅದೇ ದಾರಿಯಲ್ಲಿ ಓಡಾಡುತ್ತಿದ್ದ ಶರಣರಲ್ಲಿ ಒಬ್ಬರೂ ಆತನ ಒಳಗಿನ ಬೆಳಕನ್ನು ಕಾಣಲಿಲ್ಲ. ಅಲ್ಲಮನು ಬಂದವನೇ ಆತನನ್ನು ಗುರುತಿಸಿದನು. ಮೂಲೆಯಿಂದ ಕರೆತಂದು ಎಲ್ಲರಿಗೂ ತೋರಿಸಿದನು. ಮಹಾಜ್ಞಾನಿಗಳ ನಡುವೆಯೂ ಮೌನವಾಗಿರುವವನು ಕಾಣದೆ ಹೋಗಬಹುದೆಂಬ ಎಚ್ಚರವನ್ನು ಶರಣರು ಅಂದು ಕಲಿತರು.

ಬಳ್ಳಿಗಾವಿಗೆ ಸಮೀಪದ ಉಡುತಡಿಯಿಂದ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗಲೂ ಅಲ್ಲಮನ ಬೋಧನೆಯ ಮತ್ತೊಂದು ಬಗೆ ಪ್ರಕಟವಾಯಿತು. ಒಂದೇ ಸೀಮೆಯವಳೆಂಬ ಸಲಿಗೆಯನ್ನು ಆತನು ತೋರಲಿಲ್ಲ. ತುಂಬಿದ ಸಭೆಯಲ್ಲಿ ಆಕೆಗೆ ಕಠಿಣವಾದ ಪ್ರಶ್ನೆಗಳನ್ನು ಒಂದರ ಮೇಲೊಂದರಂತೆ ಹಾಕಿದನು. ಆಕೆಯ ಪತಿ ಯಾರು, ದೇಹದ ಹಂಗನ್ನು ತೊರೆದವಳು ಕೂದಲಿನಿಂದ ಮೈಯನ್ನು ಮರೆಮಾಡಿಕೊಂಡುದೇಕೆ ಎಂದು ಕೇಳಿದನು. ಆಕೆಯನ್ನು ಸೋಲಿಸುವುದು ಆತನ ಉದ್ದೇಶವಾಗಿರಲಿಲ್ಲ. ಆಕೆಗೆ ಉತ್ತರ ಗೊತ್ತಿದೆಯೆಂಬ ನಂಬಿಕೆಯಿಂದಲೇ ಪ್ರಶ್ನೆಗಳು ಕಠಿಣವಾದುವು. ಆಕೆಯ ಉತ್ತರಗಳಿಂದ ಸಭೆಯು ಬೆರಗಾಯಿತು. ವಯಸ್ಸಿನಲ್ಲಿ ಚಿಕ್ಕವಳಾದವಳು ಎಲ್ಲರಿಗೂ ಅಕ್ಕನಾದಳು.

ಕಲ್ಯಾಣದಲ್ಲಿ ವಿಪ್ಲವವುಂಟಾಗಿ ಶರಣರು ಚದುರಿದರು. ಅಲ್ಲಮನು ಶ್ರೀಶೈಲದ ಕದಳಿಯಲ್ಲಿ ಐಕ್ಯನಾದನೆಂದು ಸಂಪ್ರದಾಯವು ಹೇಳುತ್ತದೆ. ಆತನ ಸಾವಿರಕ್ಕೂ ಮಿಕ್ಕ ವಚನಗಳು ಉಳಿದುಬಂದಿವೆ. ಅವುಗಳಲ್ಲಿ ಹಲವು ಬೆಡಗಿನ ವಚನಗಳು. ಓದುವವನು ತಾನೇ ಹೆಣಗಿ ಬಿಡಿಸಿಕೊಂಡ ಹೊರತು ಅವು ಅರ್ಥವನ್ನು ಬಿಟ್ಟುಕೊಡುವುದಿಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಬಿಡಿಬಿಡಿಯಾಗಿದ್ದ ಶರಣರ ವಚನಗಳನ್ನು ಸಂವಾದಗಳಾಗಿ ಹೊಂದಿಸಿ ಶೂನ್ಯಸಂಪಾದನೆಯನ್ನು ಸಂಕಲಿಸಿದನು. ಅನಂತರ ಮೂವರು ಅದನ್ನು ಪರಿಷ್ಕರಿಸಿದರು. ಕರ್ನಾಟಕ ಸರ್ಕಾರವು 1993ರಲ್ಲಿ ಪ್ರಕಟಿಸಿದ ಸಮಗ್ರ ವಚನ ಸಾಹಿತ್ಯದ 15 ಸಂಪುಟಗಳಲ್ಲಿ ಒಂದು ಅಲ್ಲಮನ ವಚನಗಳಿಗೇ ಮೀಸಲಾಗಿದೆ.

ಅಲ್ಲಮನು ಒಬ್ಬೊಬ್ಬರಿಗೂ ಒಂದೊಂದು ರೀತಿಯಲ್ಲಿ ಕಲಿಸಿದುದರ ಮಹತ್ವವನ್ನು ಆಧುನಿಕ ಶಿಕ್ಷಣಶಾಸ್ತ್ರವೂ ಒಪ್ಪುತ್ತದೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ ಅವರು 1984ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಒಬ್ಬ ವಿದ್ಯಾರ್ಥಿಗೆ ಒಬ್ಬ ಬೋಧಕನಿದ್ದಾಗ ಆಗುವ ಕಲಿಕೆಯು ಸಾಮಾನ್ಯ ತರಗತಿಯ ಕಲಿಕೆಗಿಂತ ಬಹಳ ಮೇಲ್ಮಟ್ಟದ್ದೆಂದು ತೋರಿಸಿದರು. ಅವರು ಹೇಳಿದಷ್ಟು ದೊಡ್ಡ ಅಂತರವು ಅನಂತರದ ಅಧ್ಯಯನಗಳಲ್ಲಿ ಕಾಣದಿದ್ದರೂ, ವೈಯಕ್ತಿಕ ಬೋಧನೆಯಿಂದ ಲಾಭವುಂಟೆಂಬುದು ಸ್ಥಿರಪಟ್ಟಿದೆ. ಆದರೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರತ್ಯೇಕ ಬೋಧಕನನ್ನು ಒದಗಿಸುವುದು ಯಾವ ದೇಶಕ್ಕೂ ಸಾಧ್ಯವಿಲ್ಲ. ಕೃತಕ ಬುದ್ಧಿಮತ್ತೆಯು ತುಂಬಲು ಹೊರಟಿರುವುದು ಈ ಕೊರತೆಯನ್ನೇ.

ಗಣಿತದ ಒಂದು ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 1/2ಕ್ಕೆ 1/3ನ್ನು ಕೂಡಿಸಿದರೆ 5/6 ಬರಬೇಕು. ಒಬ್ಬ ವಿದ್ಯಾರ್ಥಿಯು 2/5 ಎಂದು ಬರೆದರೆ, ಆತನು ಅಂಶಗಳನ್ನೂ ಛೇದಗಳನ್ನೂ ಬೇರೆಬೇರೆಯಾಗಿ ಕೂಡಿಸಿದ್ದಾನೆಂದು ತಿಳಿಯುತ್ತದೆ. ಮತ್ತೊಬ್ಬಳು 2/6 ಎಂದು ಬರೆದರೆ, ಆಕೆ ಸಮಚ್ಛೇದವನ್ನು ಕಂಡುಹಿಡಿದರೂ ಅಂಶಗಳನ್ನು ಬದಲಿಸಲು ಮರೆತಿದ್ದಾಳೆ. ಎರಡೂ ತಪ್ಪೇ, ಆದರೆ ತಪ್ಪಿನ ಮೂಲ ಬೇರೆ, ತಿದ್ದುವ ದಾರಿಯೂ ಬೇರೆ. ಈ ಭೇದವನ್ನು ಗುರುತಿಸಿ ತಕ್ಕ ಅಭ್ಯಾಸವನ್ನು ಒಡನೆಯೇ ಕೊಡುವಂತೆ ಗಣಕಯಂತ್ರಗಳನ್ನು ಸಿದ್ಧಗೊಳಿಸಬಹುದು. 2022ರ ಅನಂತರ ಪ್ರಚಾರಕ್ಕೆ ಬಂದ ಸಂಭಾಷಣಾ ಯಂತ್ರಗಳು ಕನ್ನಡದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲಿಯೇ ವಿವರಣೆ ನೀಡುತ್ತವೆ. ಮನೆಯಲ್ಲಿ ಹೇಳಿಕೊಡುವವರಿಲ್ಲದ ಹಳ್ಳಿಯ ವಿದ್ಯಾರ್ಥಿಗೆ ಇದು ಅಲ್ಪವಾದ ಸಹಾಯವಲ್ಲ. ಎಷ್ಟು ಬಾರಿ ಕೇಳಿದರೂ ಯಂತ್ರವು ಬೇಸರಿಸುವುದಿಲ್ಲ, ಗದರುವುದಿಲ್ಲ.

ಹಾಗಿದ್ದರೂ ಯಂತ್ರದ ಮಿತಿಗಳನ್ನು ಅರಿಯಬೇಕು. ಅದು ಅಪಾರವಾದ ಬರೆಹಗಳ ರಾಶಿಯಿಂದ ಮಾತು ಮಾತಿಗೆ ಹೊಂದುವ ರೀತಿಯನ್ನು ಗ್ರಹಿಸಿ, ಮುಂದೆ ಬರಬಹುದಾದ ಮಾತನ್ನು ಊಹಿಸುತ್ತ ಉತ್ತರವನ್ನು ಕಟ್ಟುತ್ತದೆ. ಆದುದರಿಂದ ಕೆಲವೊಮ್ಮೆ ತಪ್ಪನ್ನೂ ಅಷ್ಟೇ ದೃಢವಾಗಿ ಹೇಳಿಬಿಡುತ್ತದೆ. ಮುಕ್ತಾಯಕ್ಕನು ಅಲ್ಲಮನಂಥವನನ್ನೇ ಪರೀಕ್ಷಿಸದೆ ಒಪ್ಪಲಿಲ್ಲ. ಯಂತ್ರದ ಮಾತನ್ನು ಪುಸ್ತಕದೊಡನೆ ಹೋಲಿಸಿ, ಉಪಾಧ್ಯಾಯರಲ್ಲಿ ವಿಚಾರಿಸಿ ಒಪ್ಪುವುದು ವಿದ್ಯಾರ್ಥಿಯ ಕರ್ತವ್ಯ. ಗೊಗ್ಗಯ್ಯನಿಗೆ ಅಲ್ಲಮನು ದಾರಿಯನ್ನು ತೋರಿಸಿದನೇ ಹೊರತು ಆತನ ಕೈಯ ಗುದ್ದಲಿಯನ್ನು ಕಸಿದುಕೊಳ್ಳಲಿಲ್ಲ. ಪ್ರಬಂಧವನ್ನು ಯಂತ್ರದಿಂದಲೇ ಬರೆಯಿಸಿ ಒಪ್ಪಿಸುವ ವಿದ್ಯಾರ್ಥಿಯು ತನ್ನ ಗುದ್ದಲಿಯನ್ನು ತಾನೇ ಬಿಟ್ಟುಕೊಟ್ಟಂತೆ. ಆತನ ಹಾಳೆ ತುಂಬುತ್ತದೆ, ತೋಟ ಬರಡಾಗಿಯೇ ಉಳಿಯುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಮರುಳಶಂಕರದೇವನ ಪ್ರಸಂಗ. ಯಂತ್ರವು ಕೇಳಿದವರಿಗೆ ಉತ್ತರಿಸುತ್ತದೆ. ಕೇಳಲು ಅಂಜುವವರು, ಏನನ್ನು ಕೇಳಬೇಕೆಂದೇ ತಿಳಿಯದವರು, ಹಸಿದು ಬಂದು ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವರು ಎಲ್ಲ ಶಾಲೆಗಳಲ್ಲಿಯೂ ಇರುತ್ತಾರೆ. ಅವರ ಮುಖವನ್ನು ನೋಡಿ, ಹತ್ತಿರ ಕರೆದು ಮಾತನಾಡಿಸುವವರು ಉಪಾಧ್ಯಾಯರು. ಪಕ್ಕದಲ್ಲಿ ಕುಳಿತ ಸಹಪಾಠಿಗಳು. ಕೇಳಿದವರಿಗೆ ಉತ್ತರ ಹೇಳುವ ಹೊರೆಯನ್ನು ಯಂತ್ರವು ಕೊಂಚ ಹಗುರಗೊಳಿಸಿದರೆ, ಕೇಳದವರ ಕಡೆಗೆ ಕಣ್ಣು ಹಾಯಿಸಲು ಉಪಾಧ್ಯಾಯರಿಗೆ ಅಷ್ಟು ಹೊತ್ತು ದೊರೆಯುತ್ತದೆ. ಕೃತಕ ಬುದ್ಧಿಮತ್ತೆಯಿಂದ ಶಿಕ್ಷಣಕ್ಕೆ ಆಗಬಹುದಾದ ದೊಡ್ಡ ಉಪಕಾರ ಅದೇ.

ಬಳ್ಳಿಗಾವಿಯ ಕೋಡಿಯಮಠದಲ್ಲಿ ಇಂದು ಪಾಠದ ಧ್ವನಿ ಕೇಳಿಸದು. ಕೇದಾರೇಶ್ವರ ದೇವಾಲಯವೂ ಶಾಸನದ ಕಲ್ಲುಗಳೂ ಉಳಿದಿವೆ. ಅಲ್ಲಮನು ತನಗಾಗಿ ಮಠವನ್ನು ಕಟ್ಟಲಿಲ್ಲ, ಕಲ್ಲಿನಲ್ಲಿ ಹೆಸರನ್ನು ಕೆತ್ತಿಸಲಿಲ್ಲ. ತೋಟದಲ್ಲಿ, ಕೆರೆಯ ಏರಿಯಲ್ಲಿ, ದಾಸೋಹದ ಮನೆಯ ಮೂಲೆಯಲ್ಲಿ, ಎಲ್ಲಿ ಕಲಿಯುವವರಿದ್ದರೋ ಅಲ್ಲಿಗೆ ತಾನೇ ನಡೆದು ಹೋದನು.